ಶಾಲೆ, ನ್ಯಾಯಾಲಯ ಕಟ್ಟಿಕೊಂಡ ಊರಿಗೆ ನೀರೇಕೆ ದಕ್ಕಲಿಲ್ಲ?

ಕ್ಯಾಲಿಫೋರ್ನಿಯಾದ ಟುಲೇರಿ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಅಲೆನ್ಸ್‌ವರ್ತ್ ಎಂಬ ಊರಿದೆ. ಜನಸಂಖ್ಯೆ 500ರ ಆಸುಪಾಸು. ಹೆದ್ದಾರಿ 99 ಹಿಡಿದು ಲಾಸ್ ಏಂಜಲಿಸ್ ಕಡೆ ಹೋಗುವ ಬೇ ಏರಿಯಾದ ಕನ್ನಡಿಗರು ಅರ್ಲಿಮಾರ್ಟ್, ಡೆಲಾನೊ ದಾಟುವಾಗ ಈ ಊರಿಗೆ ತೀರಾ ಹತ್ತಿರದಲ್ಲೇ ಹಾದುಹೋಗುತ್ತಾರೆ. ಊರಿನ ಅಂಚಿಗೆ ರಾಜ್ಯ ಸರ್ಕಾರದ ಐತಿಹಾಸಿಕ ಉದ್ಯಾನವಿದೆ. ನೂರು ವರ್ಷ ಹಿಂದಿನ ಶಾಲೆ, ಗ್ರಂಥಾಲಯ, ಅಂಗಡಿ, ಮನೆಗಳನ್ನು ಅಲ್ಲಿ ಎತ್ತಿ ನಿಲ್ಲಿಸಿ, ಬಣ್ಣ ಬಳಿದು ಕಾಪಾಡಿಕೊಂಡು ಬರಲಾಗುತ್ತಿದೆ. ಅದರ ಮಗ್ಗುಲಲ್ಲೇ ಜನ ವಾಸಿಸುವ ಅಲೆನ್ಸ್‌ವರ್ತ್. ಅಲ್ಲಿನ ಅಂತರ್ಜಲದಲ್ಲಿ ಆರ್ಸೆನಿಕ್ ಎಂಬ ವಿಷ ಇದೆ. ಎಷ್ಟೋ ಮನೆಗಳಲ್ಲಿ ಕುಡಿಯಲು, ಅಡುಗೆಗೆ ಬಾಟಲಿ ನೀರನ್ನೇ ನೆಚ್ಚಿಕೊಂಡಿದ್ದಾರೆ.

ಇವೆರಡನ್ನೂ ಸಾಮಾನ್ಯವಾಗಿ ಬೇರೆ ಬೇರೆ ಸುದ್ದಿಗಳಾಗಿ ಬರೆಯುತ್ತಾರೆ. ಉದ್ಯಾನದ ಬಗ್ಗೆ ಬರೆಯುವಾಗ, ಕಪ್ಪು ಜನರಿಗಾಗಿ ಈ ಊರು ಕಟ್ಟಿದ ಕರ್ನಲ್ ಅಲೆನ್ ಅಲೆನ್ಸ್‌ವರ್ತ್ ಅವರ ಸಾಹಸ. ನೀರಿನ ಬಗ್ಗೆ ಬರೆಯುವಾಗ ಬಡ ಕೃಷಿ ಕಾರ್ಮಿಕರ ಬವಣೆ. ನನ್ನ ಮಟ್ಟಿಗೆ ಇವೆರಡೂ ಒಂದೇ ಕಥೆ. 1908ರಲ್ಲಿ ಊರು ಕಟ್ಟಿದವರು ಯಾವುದನ್ನು ತಮ್ಮ ಹಿಡಿತಕ್ಕೆ ತಂದುಕೊಂಡರು, ಯಾವುದು ಅವರಿಗೆ ಕೊನೆಗೂ ದಕ್ಕಲಿಲ್ಲ ಎಂಬುದನ್ನು ನೋಡಿದರೆ ಇವತ್ತಿನ ಸಂಕಟದ ಬೇರು ಕಾಣುತ್ತದೆ.

ಕರ್ನಲ್ ಅಲೆನ್ಸ್‌ವರ್ತ್ ಹುಟ್ಟಿದ್ದು 1842ರಲ್ಲಿ, ಕೆಂಟಕಿಯ ಲೂಯಿವಿಲ್‌ನಲ್ಲಿ, ಗುಲಾಮರ ಮಗನಾಗಿ. ಒಡೆಯರ ಮನೆಯ ಹುಡುಗನ ಜೊತೆ ಕೂತು ಅಕ್ಷರ ಕಲಿಯಲು ಹೋದದ್ದೇ ತಪ್ಪಾಯಿತು. ಹನ್ನೆರಡರ ಹರೆಯದಲ್ಲಿ ತಾಯಿಯಿಂದ ದೂರ ಮಾಡಿ ಅವರನ್ನು ಮಾರಿಬಿಟ್ಟರು. ಆಮೇಲೂ ಕೈಯಿಂದ ಕೈಗೆ ಮಾರಾಟವಾಗುತ್ತಾ, ಲೂಯಿಸಿಯಾನಾದಲ್ಲಿ ಕುದುರೆ ಪಂದ್ಯದ ಸವಾರರಾಗಿದ್ದರು. ಅಂತರ್ಯುದ್ಧದ ವೇಳೆ ಲೂಯಿವಿಲ್‌ಗೆ ಮರಳಿದ್ದಾಗ ಇಲಿನಾಯ್ಸ್‌ನ ಪದಾತಿ ದಳವೊಂದು ಅಲ್ಲಿ ಬೀಡುಬಿಟ್ಟಿತ್ತು. ಸೈನಿಕರು ಕೊಟ್ಟ ಹಳೆಯ ಕೋಟು ತೊಟ್ಟು, ಮುಖಕ್ಕೆ ಕೆಸರು ಮೆತ್ತಿಕೊಂಡು, ಅವರ ಸಾಲಿನಲ್ಲೇ ಹೆಜ್ಜೆ ಹಾಕುತ್ತಾ ಊರು ದಾಟಿ ಸ್ವತಂತ್ರರಾದರು. 1863ರಲ್ಲಿ ನೌಕಾಪಡೆ ಸೇರಿದರು. ಯುದ್ಧ ಮುಗಿದ ಮೇಲೆ ಓದಿ ಬ್ಯಾಪ್ಟಿಸ್ಟ್ ಪಾದ್ರಿಯಾದರು. 1886ರಲ್ಲಿ ಕಪ್ಪು ಸೈನಿಕರ 24ನೇ ಪದಾತಿ ದಳದ ಧರ್ಮಗುರುವಾಗಿ ನೇಮಕವಾಗಿ, 1906ರಲ್ಲಿ ಲೆಫ್ಟಿನೆಂಟ್ ಕರ್ನಲ್ ಆಗಿ ನಿವೃತ್ತರಾದರು. ಅಲ್ಲಿಯವರೆಗೆ ಅಮೆರಿಕದ ಸೇನೆಯಲ್ಲಿ ಯಾವ ಕಪ್ಪು ಅಧಿಕಾರಿಯೂ ಅಷ್ಟು ಎತ್ತರದ ಪದವಿಗೆ ಏರಿರಲಿಲ್ಲ.

ಸೇನೆಯಲ್ಲಿ ಅವರು ಮಾಡಿದ ಒಂದು ಕೆಲಸಕ್ಕೆ ನಾನು ಹೆಚ್ಚು ತೂಕ ಕೊಡುತ್ತೇನೆ. ನ್ಯೂ ಮೆಕ್ಸಿಕೋದ ಫೋರ್ಟ್ ಬೇಯಾರ್ಡ್‌ನಲ್ಲಿದ್ದಾಗ ಅವರು ಸೈನಿಕರಿಗೆ, ಅವರ ಮಕ್ಕಳಿಗೆ ಪಾಠ ಹೇಳುವ ಶಾಲೆ ನಡೆಸಿದರು. 1889ರಲ್ಲಿ ಅದರ ಪಠ್ಯಕ್ರಮ, ನಿಯಮಗಳನ್ನು ಬರೆದು ಅಚ್ಚು ಹಾಕಿಸಿದರು. ಅಕ್ಷರ ಕಲಿತ ತಪ್ಪಿಗೆ ಮಾರಾಟವಾದ ಹುಡುಗ ಮುಂದೆ ಊರು ಕಟ್ಟುವಾಗ ಶಾಲೆಗೆ ಮೊದಲ ಮಣೆ ಹಾಕಿದ್ದು ಸಹಜ. ಊರು ಎಂದರೆ ಸಂಸ್ಥೆಗಳು ಎಂಬ ನಂಬಿಕೆ ಅವರಲ್ಲಿ ಆ ಹೊತ್ತಿಗೇ ಗಟ್ಟಿಯಾಗಿತ್ತು.

ನಿವೃತ್ತಿಯ ನಂತರ ಲಾಸ್ ಏಂಜಲಿಸ್‌ನಲ್ಲಿ ನೆಲೆಸಿದ ಅವರಿಗೆ ಪಾಸಡೀನಾದಲ್ಲಿ ವಿಲಿಯಂ ಪೇನ್ ಎಂಬ ಶಿಕ್ಷಕರ ಪರಿಚಯವಾಯಿತು. ಇವರ ಜೊತೆ ಪಾದ್ರಿ ವಿಲಿಯಂ ಪೆಕ್, ಗಣಿ ಕೆಲಸದ ಅನುಭವವಿದ್ದ ಜೆ. ಡಬ್ಲ್ಯು. ಪಾಮರ್, ಜಮೀನು ವ್ಯವಹಾರ ಬಲ್ಲ ಹ್ಯಾರಿ ಮಿಚೆಲ್ ಸೇರಿದರು. 1908ರ ಜೂನ್‌ನಲ್ಲಿ ವಸಾಹತು ಸಂಘವೊಂದನ್ನು ನೋಂದಾಯಿಸಿ, ಆಗಸ್ಟ್‌ನಲ್ಲಿ ಊರಿನ ನಕ್ಷೆಯನ್ನು ಕೌಂಟಿ ಕಚೇರಿಗೆ ಸಲ್ಲಿಸಿದರು. ದಕ್ಷಿಣದ ರಾಜ್ಯಗಳಲ್ಲಿ ಆಗ ಕಪ್ಪು ಜನರ ಮತದ ಹಕ್ಕನ್ನು ಕಾನೂನಿನ ನೆಪದಲ್ಲೇ ಕಿತ್ತುಕೊಳ್ಳಲಾಗಿತ್ತು. ಗುಂಪುಹತ್ಯೆಗಳು ನಡೆಯುತ್ತಲೇ ಇದ್ದವು. ತಮ್ಮದೇ ಜಮೀನು, ತಮ್ಮದೇ ಶಾಲೆ, ತಮ್ಮದೇ ಆಡಳಿತವಿರುವ ಊರಿನಲ್ಲಿ ನಿವೃತ್ತ ಸೈನಿಕರೂ ರೈತರೂ ಮರ್ಯಾದೆಯಿಂದ ಬದುಕಿ ತೋರಿಸಬೇಕು ಎಂಬುದು ಅವರ ಗುರಿಯಾಗಿತ್ತು.

ಜಾಗ ಆರಿಸಿದ್ದರ ಹಿಂದೆ ಲೆಕ್ಕಾಚಾರವಿತ್ತು. ಸಾಂಟಾ ಫೆ ರೈಲು ಮಾರ್ಗದಲ್ಲಿ ಸೊಲಿಟೊ ಎಂಬ ನಿಲ್ದಾಣ, ಸುತ್ತ ಅಗ್ಗದ ನೆಲ, ಅಂತರ್ಜಲ ಮೇಲಕ್ಕೇ ಸಿಗುತ್ತದೆ ಎಂಬ ಭರವಸೆ. ನೆಲ ಮಾರಿದ್ದು ಪೆಸಿಫಿಕ್ ಫಾರ್ಮಿಂಗ್ ಕಂಪನಿ. ಸಾಕಷ್ಟು ನೀರು ಒದಗಿಸುವ ಹೊಣೆಯನ್ನೂ ಅದೇ ಹೊತ್ತಿತ್ತು. ಊರಿನ ವಿಧಿಯನ್ನು ಬರೆದದ್ದು ಈ ಒಂದು ಷರತ್ತು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಆ ನೆಲ ಖಾಲಿ ಇರಲಿಲ್ಲ. ಪಶ್ಚಿಮಕ್ಕೆ ಹರಡಿಕೊಂಡಿದ್ದ ಟುಲೇರಿ ಸರೋವರ ಒಂದು ಕಾಲಕ್ಕೆ ಮಿಸಿಸಿಪ್ಪಿ ನದಿಯ ಪಶ್ಚಿಮದ ಸಿಹಿನೀರಿನ ಸರೋವರಗಳಲ್ಲೇ ದೊಡ್ಡದು. ಅದರ ದಡದಲ್ಲಿ ಯೋಕಟ್ ಮೂಲನಿವಾಸಿಗಳು ತಲೆಮಾರುಗಳಿಂದ ಬದುಕಿದ್ದರು. 19ನೇ ಶತಮಾನದಲ್ಲಿ ಅವರನ್ನು ಒಕ್ಕಲೆಬ್ಬಿಸಿ, ಸರೋವರಕ್ಕೆ ಬರುವ ನದಿಗಳನ್ನು ಕಾಲುವೆಗಳಿಗೆ ತಿರುಗಿಸಿ, ಕೆರೆಯಂಗಳವನ್ನೇ ಹೊಲ ಮಾಡಲಾಯಿತು. ಗುಲಾಮಗಿರಿಯಿಂದ ಬಿಡಿಸಿಕೊಂಡವರು ಮನೆ ಕಟ್ಟಿದ್ದು ಬೇರೆಯವರನ್ನು ಎಬ್ಬಿಸಿ ತೆರವು ಮಾಡಿದ ಸೀಮೆಯಲ್ಲಿ. ಒಕ್ಕಲೆಬ್ಬಿಸಿದವರು ಅಲೆನ್ಸ್‌ವರ್ತ್‌ನವರಲ್ಲ, ನಿಜ. ಆದರೂ ಆ ಕಣಿವೆಯ ಮೊದಲ ನಿವಾಸಿಗಳ ಪಟ್ಟಿ 1908ರಿಂದ ಶುರುವಾಗುವುದಿಲ್ಲ.

ಊರು ಬೆಳೆದ ವೇಗ ಆಶ್ಚರ್ಯ ಹುಟ್ಟಿಸುತ್ತದೆ. ಐದಾರು ವರ್ಷದಲ್ಲಿ ಒಂದೆರಡು ನೂರು ಜನ ಬಂದು ನೆಲೆಸಿದರು. ದಿನಸಿ ಅಂಗಡಿ, ಹೋಟೆಲು, ಅಂಚೆ ಕಚೇರಿ, ಚರ್ಚು ಬಂದವು. ಬೀದಿಗಳಿಗೆ ಗುಲಾಮಗಿರಿಯ ವಿರುದ್ಧ ಹೋರಾಡಿದ ಸೊಜರ್ನರ್ ಟ್ರೂತ್, ಕವಿ ಡನ್‌ಬಾರ್ ಅಂಥವರ ಹೆಸರು ಬಂತು. 1912ರ ಹೊತ್ತಿಗೆ ಪ್ರತ್ಯೇಕ ಶಾಲಾ ಜಿಲ್ಲೆ, ಹೊಸ ಶಾಲಾ ಕಟ್ಟಡ ಎರಡೂ ಸಿದ್ಧವಾಗಿದ್ದವು. ಪೇನ್ ಮೇಷ್ಟರಾದರು. ಕರ್ನಲ್ ಅವರ ಪತ್ನಿ ಜೋಸೆಫಿನ್ ಶಾಲಾ ಮಂಡಳಿಯಲ್ಲಿ ದುಡಿದರು. ಹಳೆಯ ತಾತ್ಕಾಲಿಕ ವಾಚನಾಲಯ ಸಾಲದೆಂದು ಜಾಗ, ಹಣ ಕೊಟ್ಟು ತಾಯಿಯ ನೆನಪಿಗೆ ಗ್ರಂಥಾಲಯ ಕಟ್ಟಿಸಿದರು. ಅದು 1913ರ ಜುಲೈ 4ರಂದು ತೆರೆಯಿತು. ಸ್ಥಾಪಕರ ಹೆಸರು ಹೇಳುವಾಗ ಕರ್ನಲ್ ಒಬ್ಬರನ್ನೇ ಹೇಳಿ ಮುಗಿಸುವವರು ಜೋಸೆಫಿನ್ ಅವರಿಗೆ ಅನ್ಯಾಯ ಮಾಡುತ್ತಾರೆ.

ಆಡಳಿತ ಹೇಗಿತ್ತು? ಇಲ್ಲಿ ಕ್ಯಾಲಿಫೋರ್ನಿಯಾದ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಊರೊಂದು ವಿಧ್ಯುಕ್ತವಾಗಿ ನಗರವೆಂದು ನೋಂದಣಿಯಾದರೆ ಅದಕ್ಕೆ ಚುನಾಯಿತ ಮಂಡಳಿ ಬರುತ್ತದೆ, ತೆರಿಗೆ ಹಾಕುವ, ಜಮೀನಿನ ಬಳಕೆ ನಿರ್ಧರಿಸುವ ಅಧಿಕಾರ ಬರುತ್ತದೆ. ನೋಂದಣಿಯಾಗದಿದ್ದರೆ ಆ ಅಧಿಕಾರವೆಲ್ಲ ಕೌಂಟಿಯ ಮೇಲ್ವಿಚಾರಕರ ಮಂಡಳಿಯದು. ನಮ್ಮ ಗ್ರಾಮ ಪಂಚಾಯಿತಿಗೆ ಇರುವಂಥ ಸಾಂವಿಧಾನಿಕ ಸ್ಥಾನ ಇಂಥ ಊರುಗಳಿಗೆ ಇಲ್ಲ. ಅಲೆನ್ಸ್‌ವರ್ತ್ ಎಂದೂ ನಗರವಾಗಿ ನೋಂದಣಿಯಾಗಲಿಲ್ಲ. ಊರಿನ ವ್ಯವಹಾರ ನಡೆಸಿದ್ದು ಅಲೆನ್ಸ್‌ವರ್ತ್ ಪ್ರೋಗ್ರೆಸಿವ್ ಅಸೋಸಿಯೇಷನ್ ಎಂಬ ಸಂಘ. ಪದಾಧಿಕಾರಿಗಳನ್ನು ಊರವರೇ ಚುನಾಯಿಸುತ್ತಿದ್ದರು, ಸಭೆ ಸೇರಿ ತೀರ್ಮಾನ ಮಾಡುತ್ತಿದ್ದರು.

ಇಷ್ಟರಲ್ಲೇ ಅವರು ಪಡೆದುಕೊಂಡದ್ದು ಸಣ್ಣದಲ್ಲ. 1914ರಲ್ಲಿ ಊರು ಪ್ರತ್ಯೇಕ ಮತಗಟ್ಟೆ ಮತ್ತು ನ್ಯಾಯಾಂಗ ವಲಯವಾಯಿತು. ಆಸ್ಕರ್ ಓವರ್ ಅವರನ್ನು ಸ್ಥಳೀಯ ನ್ಯಾಯಾಧಿಕಾರಿಯಾಗಿ ಆರಿಸಲಾಯಿತು. ಕ್ಯಾಲಿಫೋರ್ನಿಯಾದಲ್ಲಿ ಆ ಹುದ್ದೆಗೆ ಬಂದ ಮೊದಲ ಆಫ್ರಿಕನ್ ಅಮೆರಿಕನ್ ಎಂದೇ ಅವರನ್ನು ನೆನೆಯುತ್ತಾರೆ. ಕಾನ್‌ಸ್ಟೇಬಲ್ ಆಗಿ ವಿಲಿಯಂ ಡಾಟ್ಸನ್ ಬಂದರು. ದಕ್ಷಿಣದಲ್ಲಿ ಕಪ್ಪು ಮನುಷ್ಯ ಮತಗಟ್ಟೆಯ ಹತ್ತಿರ ಸುಳಿದರೆ ಜೀವಕ್ಕೆ ಅಪಾಯವಿದ್ದ ಕಾಲದಲ್ಲಿ, ಇಲ್ಲಿ ಅವರೇ ಮತ ಹಾಕಿ, ತಮ್ಮವರನ್ನೇ ನ್ಯಾಯಪೀಠದಲ್ಲಿ ಕೂರಿಸಿದ್ದರು. ನನಗೆ ಈ ಊರಿನ ಇತಿಹಾಸದಲ್ಲಿ ಅತ್ಯಂತ ದೊಡ್ಡದಾಗಿ ಕಾಣುವ ಸಂಗತಿ ಇದು.

ಆದರೆ ಶಾಲೆ, ಗ್ರಂಥಾಲಯ, ಪೀಠ ಇವೆಲ್ಲ ಜನ ಒಟ್ಟಾದರೆ ಆಗುವಂಥವು. ನೀರು ಮತ್ತು ರೈಲು ಹಾಗಲ್ಲ. ಅವೆರಡಕ್ಕೂ ಹೊರಗಿನ ಮಾಲೀಕರಿದ್ದರು.

ಪೆಸಿಫಿಕ್ ಫಾರ್ಮಿಂಗ್ ಕಂಪನಿ ಕೊಟ್ಟ ಮಾತಿನಂತೆ ನೀರು ಕೊಡಲಿಲ್ಲ. ಜನ ಹೆಚ್ಚಾದಂತೆ ಬಾವಿಗಳು ಸಾಲದಾದವು. ಸುತ್ತಲಿನ ದೊಡ್ಡ ಹೊಲಗಳು ನೀರೆತ್ತಿದಂತೆ ಜಲಮಟ್ಟ ಇಳಿಯಿತು. ಕ್ಷಾರದ ನೆಲಕ್ಕೆ ನೀರು ಕಡಿಮೆಯಾದರೆ ಬೆಳೆ ಏಳುವುದಿಲ್ಲ. ಗೋಧಿ, ಮೇವಿನ ಕುದುರೆ ಮಸಾಲೆ ಸೊಪ್ಪು, ಸಕ್ಕರೆ ಬೀಟು ನೆಚ್ಚಿ ಸಾಲ ಮಾಡಿದವರ ಕೈ ಕಟ್ಟಿತು. ವ್ಯಾಜ್ಯ ನಡೆಯಿತು. ಕೊನೆಗೆ ಊರಿನ ನೀರು ಸರಬರಾಜು ಕಂಪನಿ ಊರವರ ಕೈಗೆ ಬಂತು. ಜೊತೆಗೆ ಅದರ ತೆರಿಗೆ ಬಾಕಿಯೂ ಬಂತು. ಹಳೆಯ ಯಂತ್ರಗಳನ್ನು ಬದಲಿಸಲು, ಆಳದ ಬಾವಿ ಕೊರೆಸಲು ಬೇಕಾದ ಬಂಡವಾಳ ಅವರ ಬಳಿ ಇರಲಿಲ್ಲ. ಅಧಿಕಾರ ಸಿಕ್ಕಿದ್ದು ಅದನ್ನು ಬಳಸುವ ಶಕ್ತಿ ಇಲ್ಲದ ಹೊತ್ತಿನಲ್ಲಿ.

ರೈಲಿನದು ಇನ್ನೊಂದು ಪೆಟ್ಟು. ನಿಲ್ದಾಣದ ಮೇಲ್ವಿಚಾರಣೆಗೆ, ಟಿಕೆಟ್ ಕೊಡುವ ಕೆಲಸಕ್ಕೆ ಊರಿನ ಕಪ್ಪು ಜನರನ್ನು ನೇಮಿಸಿಕೊಳ್ಳಲು ಸಾಂಟಾ ಫೆ ಕಂಪನಿ ಒಪ್ಪಿರಲಿಲ್ಲ. 1914ರಲ್ಲಿ ಅದು ಕೆಲವೇ ಮೈಲಿ ದೂರದ ಆಲ್ಪಾ ಎಂಬ ಊರಿಗೆ ಕವಲು ಮಾರ್ಗ ಹಾಕಿತು. ಸುತ್ತಲಿನ ಧಾನ್ಯ, ದನ ಸಾಗಿಸುವವರು ಸೊಲಿಟೊಗೆ ಬರುವುದು ನಿಂತಿತು. ಅವರನ್ನೇ ನಂಬಿದ್ದ ಹೋಟೆಲು, ಗೋದಾಮು, ಅಂಗಡಿಗಳ ಆದಾಯ ಕುಸಿಯಿತು.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಲಾಸ್ ಏಂಜಲಿಸ್ ಹತ್ತಿರದ ಮನ್ರೋವಿಯಾದಲ್ಲಿ ಪ್ರವಚನ ನೀಡಲು ಹೋಗಿದ್ದ ಕರ್ನಲ್ ಅವರಿಗೆ ಮೋಟಾರ್ ಸೈಕಲ್ ಬಡಿಯಿತು. ಮರುದಿನ ಅವರು ತೀರಿಕೊಂಡರು. ವಯಸ್ಸು 72. ಊರು ನಂಬಿಕೊಂಡಿದ್ದ ಕೊನೆಯ ದೊಡ್ಡ ಯೋಜನೆ ವೃತ್ತಿ ಶಿಕ್ಷಣ ಕಾಲೇಜು. ಕಪ್ಪು ಶಿಕ್ಷಣತಜ್ಞ ಬುಕರ್ ಟಿ. ವಾಷಿಂಗ್ಟನ್ ಅವರ ಟಸ್ಕೀಗಿ ಸಂಸ್ಥೆಯ ಮಾದರಿಯ ಈ ಕಾಲೇಜಿನ ಮಸೂದೆ 1915ರಲ್ಲಿ ರಾಜ್ಯದ ಶಾಸನಸಭೆಯಲ್ಲಿ ಬಿದ್ದುಹೋಯಿತು. ವಿರೋಧಿಸಿದವರಲ್ಲಿ ಲಾಸ್ ಏಂಜಲಿಸ್‌ನ ಕಪ್ಪು ನಾಯಕರೂ ಇದ್ದರು. ಸರ್ಕಾರಿ ದುಡ್ಡಿನಲ್ಲಿ ನಮಗೇ ಪ್ರತ್ಯೇಕ ಕಾಲೇಜು ಕಟ್ಟಿಸಿಕೊಂಡರೆ ನಾಳೆ ಎಲ್ಲ ಕಡೆಯೂ ನಮ್ಮನ್ನು ಪ್ರತ್ಯೇಕ ಕೂರಿಸಲು ಅದೇ ನೆಪವಾಗುತ್ತದೆ ಎಂಬುದು ಅವರ ಆತಂಕ. ಆ ವಾದದಲ್ಲಿ ತಥ್ಯವಿತ್ತು. ಆದರೆ ಊರಿಗೆ ನೀರಿನ ಹೊರತಾಗಿ ಉಳಿದಿದ್ದ ಒಂದೇ ಆದಾಯದ ದಾರಿಯೂ ಮುಚ್ಚಿಹೋಯಿತು.

ಕರ್ನಲ್ ಸತ್ತದ್ದರಿಂದ ಊರು ಸತ್ತಿತು ಎಂದು ಅನೇಕ ಕಡೆ ಬರೆದಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಓವರ್, ಪೇನ್, ಜೋಸೆಫಿನ್ ಇದ್ದರು. ಸಂಘ ಇತ್ತು, ಶಾಲೆ ಆಮೇಲೂ ದಶಕಗಳ ಕಾಲ ನಡೆಯಿತು. ನಾಯಕ ಹೋದ ಮೇಲೂ ನಡೆಯಬಲ್ಲ ಆಡಳಿತವನ್ನು ಕಟ್ಟಿದ್ದೇ ಆ ಮನುಷ್ಯನ ಹೆಚ್ಚುಗಾರಿಕೆ. ನೀರಿಲ್ಲದ ಕಡೆ ಎಂಥ ಆಡಳಿತವೂ ಬೆಳೆ ತೆಗೆಯಲಾರದು.

ನಂತರದ ದಶಕಗಳಲ್ಲಿ ಯುವಕರು ಓಕ್ಲೆಂಡ್, ಲಾಸ್ ಏಂಜಲಿಸ್ ಹಾದಿ ಹಿಡಿದರು. ಅವರ ಜಾಗಕ್ಕೆ ನಿಧಾನವಾಗಿ ಹೊಲಗೆಲಸದ ಕುಟುಂಬಗಳು ಬಂದವು; ಇಂದು ಊರಿನ ಬಹುಪಾಲು ಜನ ಮೆಕ್ಸಿಕೊ ಮೂಲದ ಲ್ಯಾಟಿನೊ ಸಮುದಾಯದವರು. 1966ರಲ್ಲಿ ಬಾವಿ ನೀರಲ್ಲಿ ಆರ್ಸೆನಿಕ್ ಪತ್ತೆಯಾಯಿತು. ಊರನ್ನೇ ಕೆಡವುವ ಮಾತು ಬಂತು. ಆಗ ಬಾಲ್ಯವನ್ನು ಇಲ್ಲೇ ಕಳೆದಿದ್ದ, ರಾಜ್ಯದ ಉದ್ಯಾನ ಇಲಾಖೆಯಲ್ಲಿ ನಕ್ಷೆಗಾರರಾಗಿದ್ದ ಕೊರ್ನೀಲಿಯಸ್ ಎಡ್ ಪೋಪ್ ಮುಂದೆ ಬಂದು, ಇದನ್ನು ಐತಿಹಾಸಿಕ ತಾಣವಾಗಿ ಉಳಿಸಿ ಎಂದು ಹೋರಾಟ ಕಟ್ಟಿದರು. 1970ರ ದಶಕದಲ್ಲಿ ಉದ್ಯಾನ ರೂಪುಗೊಂಡಿತು. ಪೋಪ್ ಅವರ ಹಟ ಇಲ್ಲದಿದ್ದರೆ ಆ ಶಾಲೆಯ ಗೋಡೆಯೂ ಉಳಿಯುತ್ತಿರಲಿಲ್ಲ.

ಅದೇ ದಶಕದ ಆರಂಭದಲ್ಲಿ ಟುಲೇರಿ ಕೌಂಟಿ ತನ್ನ ಅಭಿವೃದ್ಧಿ ಯೋಜನೆಯಲ್ಲಿ 15 ಸಣ್ಣ ಊರುಗಳನ್ನು ಭವಿಷ್ಯವಿಲ್ಲದ ಊರುಗಳೆಂದು ಪಟ್ಟಿ ಮಾಡಿತು. ನೀರು, ಒಳಚರಂಡಿಯಂಥ ದೊಡ್ಡ ಸೌಕರ್ಯಗಳನ್ನು ಅವುಗಳಿಗೆ ಕೊಡದಿದ್ದರೆ ಜನ ತಾವಾಗಿಯೇ ಬಿಟ್ಟುಹೋಗುತ್ತಾರೆ, ಊರು ಸಹಜವಾಗಿ ಕ್ಷೀಣಿಸುತ್ತದೆ ಎಂಬುದು ಆ ದಾಖಲೆಯ ನೇರ ತರ್ಕ. ಪಟ್ಟಿಯಲ್ಲಿ ಅಲೆನ್ಸ್‌ವರ್ತ್ ಇತ್ತು. ಒಂದು ಕಡೆ ರಾಜ್ಯ ಸರ್ಕಾರ ಊರಿನ ಭೂತಕಾಲವನ್ನು ಕಾಪಾಡಲು ಹೊರಟರೆ, ಇನ್ನೊಂದು ಕಡೆ ಕೌಂಟಿ ಸರ್ಕಾರ ಊರಿನ ವರ್ತಮಾನಕ್ಕೆ ಕೊಳಾಯಿ ಹಾಕುವುದು ದಂಡ ಎಂದು ಬರೆದಿಟ್ಟಿತು. 1914ರಲ್ಲಿ ನ್ಯಾಯಾಧಿಕಾರಿಯನ್ನು ಆರಿಸಿಕೊಂಡ ಊರಿಗೆ ಈ ಪಟ್ಟಿಯಿಂದ ತನ್ನ ಹೆಸರು ತೆಗೆಸುವ ಅಧಿಕಾರ ಇರಲಿಲ್ಲ. ನಗರವಾಗಿ ನೋಂದಣಿಯಾಗದೆ ಉಳಿದದ್ದರ ಬೆಲೆ ಇಲ್ಲಿ ಕಾಣುತ್ತದೆ.

ಆರ್ಸೆನಿಕ್ ಮೂಲತಃ ಅಲ್ಲಿನ ಮಣ್ಣಿನದೇ. ಹಾಗೆಂದು ಪ್ರಕೃತಿಯ ಮೇಲೆ ಭಾರ ಹಾಕಿ ಸುಮ್ಮನಾಗುವಂತಿಲ್ಲ. ಈ ಊರಿರುವ ಸಾನ್ ಹ್ವಾಕಿನ್ ಕಣಿವೆಯಲ್ಲಿ ನೀರನ್ನು ಅತಿಯಾಗಿ ಎತ್ತಿದಾಗ ಆಳದ ಜೇಡಿಪದರಗಳು ಒತ್ತಡಕ್ಕೆ ಸಿಕ್ಕಿ ಕುಗ್ಗುತ್ತವೆ. ಅವುಗಳ ರಂಧ್ರಗಳಲ್ಲಿದ್ದ ಆರ್ಸೆನಿಕ್ ಭರಿತ ನೀರು ಹಿಂಡಿ ಹೊರಬಂದು ಬಾವಿ ಸೇರುತ್ತದೆ. ಸ್ಟ್ಯಾನ್‌ಫರ್ಡ್ ಸಂಶೋಧಕರು 2018ರಲ್ಲಿ ಈ ನಂಟನ್ನು ತೋರಿಸಿದರು. ನೆಲ ಕುಸಿಯುವುದು, ವಿಷ ಏರುವುದು ಎರಡೂ ಒಂದೇ ಕ್ರಿಯೆಯ ಫಲ. ದೊಡ್ಡ ತೋಟಗಳು ಎತ್ತಿದ ನೀರಿನ ಪರಿಣಾಮವನ್ನು ಊರಿನ ಕೊಳವೆಬಾವಿ ಅನುಭವಿಸುತ್ತದೆ. ಅಮೆರಿಕದಲ್ಲಿ ಕುಡಿಯುವ ನೀರಿನ ಆರ್ಸೆನಿಕ್ ಮಿತಿ 2006ರಿಂದ ಲೀಟರಿಗೆ 10 ಮೈಕ್ರೋಗ್ರಾಂ. ಅದಕ್ಕೆ ಮೊದಲು 50 ಇತ್ತು.

ಪರಿಹಾರದ ಒಂದು ಎಳೆ ಭಾರತದಿಂದ ಬಂದಿದೆ. ಬರ್ಕ್ಲಿ ವಿಶ್ವವಿದ್ಯಾಲಯದ ಅಶೋಕ್ ಗಾಡ್ಗೀಳ್ ಅವರ ತಂಡ ಕಬ್ಬಿಣದ ತಗಡುಗಳಿಗೆ ಸಣ್ಣ ವಿದ್ಯುತ್ ಹರಿಸಿ, ಹುಟ್ಟುವ ತುಕ್ಕಿಗೆ ಆರ್ಸೆನಿಕ್ ಅಂಟಿಕೊಳ್ಳುವಂತೆ ಮಾಡಿ, ಅದನ್ನು ತಳಕ್ಕೆ ಇಳಿಸಿ ತೆಗೆಯುವ ವಿಧಾನ ರೂಪಿಸಿತು. ಪಶ್ಚಿಮ ಬಂಗಾಳದ ಧಪ್‌ಧಪಿಯ ಶಾಲೆಯೊಂದರಲ್ಲಿ ಇದರ ಸ್ಥಾವರ ಮಕ್ಕಳಿಗೆ ನೀರು ಕೊಟ್ಟಿತು. ಅದೇ ತತ್ವದ ಸುಧಾರಿತ ರೂಪವನ್ನು ತಂಡ ಅಲೆನ್ಸ್‌ವರ್ತ್‌ನಲ್ಲಿ ಪ್ರಯೋಗಕ್ಕೆ ಇಟ್ಟಿತು. ತಂತ್ರಜ್ಞಾನ ಇದೆ ಎಂಬುದು ಇದರಿಂದ ಖಚಿತ. ತೊಡಕಿರುವುದು ಅದನ್ನು ದಿನಾ ನಡೆಸುವ ಖರ್ಚಿನಲ್ಲಿ. ತರಬೇತಾದ ನೌಕರ, ಬಿಡಿಭಾಗ, ವಿಷದ ಕೆಸರಿನ ವಿಲೇವಾರಿ, ಪರೀಕ್ಷೆ, ಇವುಗಳ ವೆಚ್ಚ ಊರು ಸಣ್ಣದೆಂದು ಕಡಿಮೆಯಾಗುವುದಿಲ್ಲ. ದೊಡ್ಡ ನಗರ ಅದನ್ನು ಲಕ್ಷಾಂತರ ಮನೆಗಳಿಗೆ ಹಂಚುತ್ತದೆ. ಇಲ್ಲಿ ಹಂಚಿಕೊಳ್ಳುವವರು ಹೊಲಗೆಲಸದ ಕೂಲಿಯಲ್ಲಿ ಬದುಕುವ ಬೆರಳೆಣಿಕೆಯ ಕುಟುಂಬಗಳು.

2023ರ ಮಾರ್ಚ್‌ನಲ್ಲಿ ಬೇರೆಯದೇ ಬಗೆಯ ನೀರು ಬಂತು. ಸಾಲುಸಾಲು ಚಂಡಮಳೆಗೆ ಟುಲೇರಿ ಸರೋವರ ಮತ್ತೆ ತುಂಬಿತು. ಊರು ಖಾಲಿ ಮಾಡಲು ಆದೇಶವಾಯಿತು. ಎಷ್ಟೋ ಜನ ಹೋಗಲಿಲ್ಲ. ಮರಳು ಚೀಲ ಪೇರಿಸಿ, ಟ್ರ್ಯಾಕ್ಟರ್ ಹೊಡೆದು ಒಡ್ಡು ಕಟ್ಟಿದರು. ರೈಲು ಹಳಿಯ ಕೆಳಗಿನ ಮೋರಿಯಿಂದ ನೀರು ಊರಿನತ್ತ ನುಗ್ಗುತ್ತಿತ್ತು. ಅದನ್ನು ಕಲ್ಲು, ಹಲಗೆ ತುಂಬಿ ಮುಚ್ಚಲು ಹೊರಟರೆ, ಅದು ರೈಲ್ವೆಯ ಜಾಗ ಎಂದು ಅಡ್ಡಿ ಬಂತು. ನೂರು ವರ್ಷಗಳ ಹಿಂದೆ ಕವಲು ಮಾರ್ಗ ಎಲ್ಲಿ ಹಾಕಬೇಕೆಂಬ ತೀರ್ಮಾನದಲ್ಲಿ ಊರಿಗೆ ದನಿ ಇರಲಿಲ್ಲ. ಹಳಿಯ ಕೆಳಗಿನ ಮೋರಿಯ ಮೇಲೂ ಇಂದು ಇಲ್ಲ.

ಹಾಗಾದರೆ ಇಂದು ಊರಿನ ಕೈಲಿರುವುದು ಏನು? ಚುನಾಯಿತ ಸದಸ್ಯರ ಸಮುದಾಯ ಸೇವಾ ಮಂಡಳಿ ನೀರು ಸರಬರಾಜು ನೋಡಿಕೊಳ್ಳುತ್ತದೆ. ಹಳೆಯ ಹೆಸರಿನಲ್ಲೇ ಪ್ರೋಗ್ರೆಸಿವ್ ಅಸೋಸಿಯೇಷನ್ ಮತ್ತೆ ಕೆಲಸ ಮಾಡುತ್ತಿದೆ. ಹಿಂದೊಮ್ಮೆ ಉದ್ಯಾನದ ಪಕ್ಕಕ್ಕೇ ಸಾವಿರಾರು ಹಸುಗಳ ಡೇರಿಗಳು ಬರಲಿದ್ದಾಗ ರಾಜ್ಯದ ಕಪ್ಪು ಸಂಘಟನೆಗಳೂ ಊರವರೂ ಒಟ್ಟಾಗಿ ಎದುರಿಸಿದ್ದರು. 2022ರ ರಾಜ್ಯ ಬಜೆಟ್ಟಿನಲ್ಲಿ ಅಲೆನ್ಸ್‌ವರ್ತ್‌ಗೆ ಸುಮಾರು 4 ಕೋಟಿ ಡಾಲರ್ ಬಂತು. ಅದರ ದೊಡ್ಡ ಪಾಲು ಉದ್ಯಾನದ ಹೊಸ ಸಂದರ್ಶಕರ ಕೇಂದ್ರಕ್ಕೆ. ಇತಿಹಾಸಕ್ಕೆ ಹಣ ಕೊಟ್ಟದ್ದು ತಪ್ಪಲ್ಲ. ಆದರೆ ನೋಡಲು ಬರುವವರಿಗೆ ಕಟ್ಟಡ ಮೊದಲು, ಇರುವವರಿಗೆ ನೀರು ಆಮೇಲೆ ಎಂಬ ಕ್ರಮ ನನಗೆ ಸರಿಯೆನಿಸುವುದಿಲ್ಲ. ಶುದ್ಧ ಕುಡಿಯುವ ನೀರು ಮನುಷ್ಯನ ಹಕ್ಕು ಎಂದು 2012ರಲ್ಲೇ ಕಾನೂನಿನಲ್ಲಿ ಬರೆದ ರಾಜ್ಯ ಅದು.

ಮುಂದಿನ ಜಗಳ ನಡೆಯುವುದು ಅಂತರ್ಜಲ ಮಂಡಳಿಗಳಲ್ಲಿ. 2014ರ ಅಂತರ್ಜಲ ಕಾಯ್ದೆಯ ಪ್ರಕಾರ ಪ್ರತಿ ಜಲಾನಯನಕ್ಕೂ ಸ್ಥಳೀಯ ಸಂಸ್ಥೆಗಳು ಯೋಜನೆ ಮಾಡಬೇಕು. ಅವುಗಳಲ್ಲಿ ಹೆಚ್ಚಿನವು ದೊಡ್ಡ ಜಮೀನ್ದಾರರ ಪ್ರಭಾವವಿರುವ ನೀರಾವರಿ ಜಿಲ್ಲೆಗಳೆಂಬ ಸಂಸ್ಥೆಗಳ ಹಿಡಿತದಲ್ಲಿವೆ. ಅಲೆನ್ಸ್‌ವರ್ತ್ ಇರುವ ಟೂಲಿ ಜಲಾನಯನದ ಯೋಜನೆ ಸಾಲದೆಂದು ರಾಜ್ಯದ ಜಲಮಂಡಳಿ 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಪರೀಕ್ಷಾವಧಿಗೆ ಒಳಪಡಿಸಿತು. ದೊಡ್ಡ ಬಾವಿಗಳವರು ಎಷ್ಟು ನೀರೆತ್ತುತ್ತಾರೆಂದು ಲೆಕ್ಕ ಕೊಡಬೇಕು, ಶುಲ್ಕ ಕಟ್ಟಬೇಕು ಎಂದು ಹೇಳುವ ಅಧಿಕಾರ ಈಗ ರಾಜ್ಯಕ್ಕಿದೆ. ಆ ಶುಲ್ಕದ ಒಂದು ಪಾಲನ್ನು ಸಣ್ಣ ಊರುಗಳ ಶುದ್ಧೀಕರಣ ಘಟಕಗಳ ನಿತ್ಯದ ಖರ್ಚಿಗೆ ಮೀಸಲಿಡಬೇಕು. ಊರಿನ ಕುಡಿಯುವ ನೀರಿನ ಬಾವಿಗಳ ಸುತ್ತ ಆಳದಿಂದ ನೀರೆತ್ತುವುದಕ್ಕೆ ಕಟ್ಟುನಿಟ್ಟಿನ ಮಿತಿ ಹಾಕಬೇಕು. ನೀರಿನ ಯೋಜನೆಗೆ ಸಹಿ ಹಾಕುವ ಮೇಜಿನಲ್ಲಿ ಅಲೆನ್ಸ್‌ವರ್ತ್‌ನಂಥ ಊರುಗಳ ಚುನಾಯಿತರಿಗೆ ಮತ ಇರಬೇಕು.